ವಚನ ಮೇಲೆ, ವ್ಯಾಖ್ಯಾನ ಕೆಳಗೆ: ಅಧ್ಯಯನ ಬೈಬಲನ್ನು ಆರಿಸುವ, ಓದುವ ಬಗೆ

ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ಕ್ರೈಸ್ತರ ಮನೆಗಳಲ್ಲಿ ಬಹಳ ಪರಿಚಿತ. ಹೊಸ ವರ್ಷದ ಕ್ಯಾಲೆಂಡರು, ಮದುವೆಯ ಕರೆಯೋಲೆ, ಪರೀಕ್ಷೆಗೆ ಹೊರಟ ಮಕ್ಕಳ ಕೈಗೆ ಕೊಡುವ ಕಾರ್ಡು, ಎಲ್ಲ ಕಡೆ ಅದನ್ನು ಅಚ್ಚು ಹಾಕಿಸುತ್ತಾರೆ. ದೇವರು ತನ್ನ ಜನರಿಗೆ ಕೇಡನ್ನಲ್ಲ, ಒಳಿತನ್ನೇ ಬಯಸಿದ್ದಾನೆ, ಅವರ ಮುಂದಿನ ದಿನಗಳಿಗೆ ಭರವಸೆಯಿದೆ ಎಂಬುದು ಅದರ ಸಾರ. ಈ ಒಂದು ವಚನವನ್ನಷ್ಟೇ ಓದಿದವರಿಗೆ ಅದು ಇನ್ನೇನು ಬರಲಿರುವ ಸುದಿನದ ಮಾತಾಗಿ ಕೇಳುತ್ತದೆ. ಇಡೀ ಅಧ್ಯಾಯ ಓದಿದರೆ ಚಿತ್ರ ಬೇರೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಮಣಿಸಿ, ಅಲ್ಲಿನ ಅರಸನನ್ನೂ ಕುಶಲಕರ್ಮಿಗಳನ್ನೂ ಸೆರೆಯೊಯ್ದಿದ್ದ. ಹೀಗೆ ಹೋದವರಿಗೆ ಯೆರೆಮೀಯ ಬರೆದ ಪತ್ರ ಇದು. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಪತ್ರ ಹೇಳುತ್ತದೆ. ಬಿಡುಗಡೆಗೆ 70 ವರ್ಷ ಬೇಕು ಎಂದು ಹತ್ತನೆಯ ವಚನ ತಿಳಿಸುತ್ತದೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಮುರಿದು ಹಾಕಿದ್ದ. ಪತ್ರ ಆ ಸುಲಭದ ಆಶ್ವಾಸನೆಗೆ ಎದುರಾಗಿ ನಿಂತಿದೆ. ಅದನ್ನು ಕಿವಿಯಾರೆ ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಪರದೇಶದಲ್ಲೇ ಕಣ್ಣು ಮುಚ್ಚಬೇಕಿತ್ತು. ಇದು ತಿಳಿದ ಮೇಲೆ ವಚನದ ಸಾಂತ್ವನ ಕಡಿಮೆಯಾಗುವುದಿಲ್ಲ, ಅದರ ತೂಕ ಹೆಚ್ಚುತ್ತದೆ.

ಈ ಸಂದರ್ಭವನ್ನು ಓದುಗರ ಮುಂದಿಡಲೆಂದೇ ಸಿದ್ಧವಾದ ಪುಸ್ತಕ ಅಧ್ಯಯನ ಬೈಬಲ್. ಅದರಲ್ಲಿ ಪುಟದ ಮೇಲ್ಭಾಗದಲ್ಲಿ ಬೈಬಲಿನ ಪಾಠ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ. ಪ್ರತಿ ಗ್ರಂಥಕ್ಕೂ ಒಂದು ಪೀಠಿಕೆ, ನಡುವೆ ನಕ್ಷೆ, ಕಾಲಾನುಕ್ರಮಣಿಕೆ, ವಂಶಾವಳಿ, ಕೊನೆಯಲ್ಲಿ ಪದಸೂಚಿ. ಇಂಗ್ಲಿಷಿನಲ್ಲಿ ಇಂಥವು ಹತ್ತಾರು ಬಗೆಯವು ಅಂಗಡಿಯಲ್ಲಿವೆ. ಕನ್ನಡದಲ್ಲೂ ಟಿಪ್ಪಣಿ ಸಹಿತ ಅಧ್ಯಯನ ಬೈಬಲ್ ದೊರೆಯುತ್ತದೆ, ಆಯ್ಕೆ ಮಾತ್ರ ಕಡಿಮೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಯಾವುದರಲ್ಲಿ ಟಿಪ್ಪಣಿ ಹೆಚ್ಚಿದೆ, ಯಾವುದರ ಕಟ್ಟು ಚೆನ್ನಾಗಿದೆ ಎಂದು. ಕೇಳಬೇಕಾದ ಪ್ರಶ್ನೆ ಅದಲ್ಲ. ಓದುಗನನ್ನು ಮೂಲಪಾಠದತ್ತ ಮತ್ತೆ ಮತ್ತೆ ಕಳಿಸುವ ಟಿಪ್ಪಣಿ ಯಾವುದು, ತನ್ನ ಬಳಿಯೇ ಕೂರಿಸಿಕೊಳ್ಳುವ ಟಿಪ್ಪಣಿ ಯಾವುದು ಎಂಬುದೇ ನಿಜವಾದ ಪ್ರಶ್ನೆ. ತನ್ನ ಮಾತಿಗೆ ಆಧಾರವೇನೆಂದು ತೋರಿಸುವ, ಬೇರೆ ಅಭಿಪ್ರಾಯವೂ ಇದೆಯೆಂದು ಒಪ್ಪುವ ಅಧ್ಯಯನ ಬೈಬಲನ್ನು ಆರಿಸಬೇಕು. ಆರಿಸಿದ ಮೇಲೂ ಟಿಪ್ಪಣಿಯನ್ನು ಮೂಲದ ನಂತರವೇ ಓದಬೇಕು. ಈ ಲೇಖನದ ವಾದ ಇಷ್ಟೇ.

ಮೂಲ ಬೇರೆ, ಭಾಷ್ಯ ಬೇರೆ ಎಂಬ ವಿವೇಕ ಕನ್ನಡದ ಓದುಗರಿಗೆ ಹೊಸದಲ್ಲ. ಬ್ರಹ್ಮಸೂತ್ರ ಒಂದೇ. ಅದಕ್ಕೆ ಶಂಕರರು ಭಾಷ್ಯ ಬರೆದು ಅದ್ವೈತವನ್ನು ಕಂಡರು, ರಾಮಾನುಜರು ವಿಶಿಷ್ಟಾದ್ವೈತವನ್ನು, ಮಧ್ವರು ದ್ವೈತವನ್ನು. ಯಾರ ಭಾಷ್ಯ ಓದುತ್ತಿದ್ದೇವೆ ಎಂಬ ಅರಿವು ಇಟ್ಟುಕೊಂಡೇ ನಮ್ಮವರು ಓದುತ್ತಾ ಬಂದಿದ್ದಾರೆ. ಗಮಕದ ಸಭೆಯಲ್ಲಂತೂ ಈ ವ್ಯತ್ಯಾಸ ಕಿವಿಗೇ ಕೇಳಿಸುತ್ತದೆ. ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುವವರು ಒಬ್ಬರು, ಅದರ ಅರ್ಥ ಬಿಡಿಸಿ ಹೇಳುವವರು ಇನ್ನೊಬ್ಬರು. ಎಲ್ಲಿ ಕವಿಯ ಮಾತು ಮುಗಿಯಿತು, ಎಲ್ಲಿ ವ್ಯಾಖ್ಯಾನಕಾರರ ಮಾತು ಶುರುವಾಯಿತು ಎಂಬ ಬಗ್ಗೆ ಕೇಳುಗರಿಗೆ ಗೊಂದಲವಿಲ್ಲ. ಅಧ್ಯಯನ ಬೈಬಲಿನಲ್ಲಿ ಈ ಎರಡು ದನಿಗಳು ಒಂದೇ ಕಾಗದದ ಮೇಲೆ, ಒಂದೇ ರಟ್ಟಿನೊಳಗೆ ಬರುತ್ತವೆ. ಹೊದಿಕೆಯ ಮೇಲೆ ಪವಿತ್ರ ಗ್ರಂಥ ಎಂದು ಬರೆದಿರುತ್ತದೆ. ಓದುತ್ತಾ ಹೋದಂತೆ ಮೇಲಿನ ಪಾಠದ ಅಧಿಕಾರ ಕೆಳಗಿನ ಸಾಲುಗಳಿಗೂ ಇಳಿದುಬಿಡುತ್ತದೆ. ಬೈಬಲಿನಲ್ಲೇ ಹೀಗಿದೆ ಎಂದು ನಂಬಿಕೊಂಡ ಮಾತು ಎಷ್ಟೋ ಸಲ ಬೈಬಲಿನ ಅಡಿಟಿಪ್ಪಣಿಯಲ್ಲಿ ಓದಿದ್ದಾಗಿರುತ್ತದೆ.

ಟಿಪ್ಪಣಿಗೆ ಇಷ್ಟು ಬಲ ಇದೆಯೆಂಬುದನ್ನು ಅರಸರೇ ಗುರುತಿಸಿದ್ದರು. ಇಂಗ್ಲೆಂಡಿನ ಮೇರಿ ರಾಣಿಯ ಕಾಲದಲ್ಲಿ ದೇಶ ಬಿಟ್ಟು ಜಿನೀವಾ ಸೇರಿದ್ದ ಪ್ರಾಟೆಸ್ಟಂಟ್ ವಿದ್ವಾಂಸರು 1560ರಲ್ಲಿ ಜಿನೀವಾ ಬೈಬಲನ್ನು ಹೊರತಂದರು. ಸಂಖ್ಯೆ ಹಾಕಿದ ವಚನಗಳು, ಓದಲು ಸುಲಭವಾದ ರೋಮನ್ ಅಚ್ಚು, ನಕ್ಷೆಗಳು, ಅಂಚಿನ ತುಂಬ ವಿವರಣೆ, ಹೀಗೆ ಇಂದಿನ ಅಧ್ಯಯನ ಬೈಬಲಿನ ಬಹುತೇಕ ಲಕ್ಷಣಗಳು ಅದರಲ್ಲಿದ್ದವು. ಜನ ಅದನ್ನು ಮನೆಮನೆಗೆ ಒಯ್ದರು. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ, ಹುಟ್ಟಿದ ಗಂಡುಮಕ್ಕಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಯನ್ನು ಸೂಲಗಿತ್ತಿಯರು ಮೀರುತ್ತಾರೆ. ಅವರು ಸುಳ್ಳು ಹೇಳಿದ್ದು ತಪ್ಪು, ಆದರೆ ಆಜ್ಞೆ ಮೀರಿದ್ದು ಸರಿ ಎಂದು ಜಿನೀವಾ ಬೈಬಲಿನ ಅಂಚು ತೀರ್ಪು ಕೊಟ್ಟಿತ್ತು. 1604ರ ಹ್ಯಾಂಪ್ಟನ್ ಕೋರ್ಟ್ ಸಮಾವೇಶದಲ್ಲಿ ಒಂದನೆಯ ಜೇಮ್ಸ್ ದೊರೆ ಈ ಟಿಪ್ಪಣಿಯನ್ನೇ ಎತ್ತಿ ಹೇಳಿ ಆಕ್ಷೇಪಿಸಿದ. ಪ್ರಜೆಗಳು ದೊರೆಗೆ ಅವಿಧೇಯರಾಗಬಹುದೆಂದು ಅದು ಕಲಿಸುತ್ತದೆ ಎಂಬುದು ಅವನ ಸಿಟ್ಟು. ಅವನ ಆದೇಶದಿಂದ ಶುರುವಾಗಿ 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಅನುವಾದಕ್ಕೆ ಹೀಬ್ರೂ, ಗ್ರೀಕ್ ಪದಗಳನ್ನು ಬಿಡಿಸುವುದಕ್ಕಲ್ಲದೆ ಬೇರೆ ಅಂಚಿನ ಟಿಪ್ಪಣಿ ಇರಕೂಡದೆಂಬ ನಿಯಮ ಹಾಕಲಾಯಿತು. ಮೂಲದ ಕಥೆ ಎರಡರಲ್ಲೂ ಒಂದೇ, ದೊರೆಗೆ ಭಯ ಹುಟ್ಟಿಸಿದ್ದು ಅಂಚಿನ ಒಂದು ಸಾಲು.

ಇನ್ನೊಂದು ನಿದರ್ಶನ ಅಮೆರಿಕದ್ದು. ಸಿ. ಐ. ಸ್ಕೋಫೀಲ್ಡ್ ಸಂಪಾದಿಸಿದ ರೆಫರೆನ್ಸ್ ಬೈಬಲನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1909ರಲ್ಲಿ ಪ್ರಕಟಿಸಿತು. ದೇವರು ಮನುಷ್ಯರೊಂದಿಗೆ ಏಳು ಬೇರೆ ಬೇರೆ ಯುಗಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ವ್ಯವಹರಿಸಿದ್ದಾನೆ ಎಂಬುದು ಸ್ಕೋಫೀಲ್ಡ್ ಅವರ ಸಿದ್ಧಾಂತ. ಆದಿಕಾಂಡದಿಂದ ಪ್ರಕಟನೆಯವರೆಗೆ ಟಿಪ್ಪಣಿಗಳು ಇದೇ ಚೌಕಟ್ಟಿನಲ್ಲಿ ನಡೆಯುತ್ತವೆ. ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ಹದಿನೇಳನೆಯ ಶತಮಾನದ ಆರ್ಚ್‌ಬಿಷಪ್ ಅಶರ್ ಹಾಕಿದ ಲೆಕ್ಕವೂ ಅದರ ಪುಟಗಳಲ್ಲಿ ಅಚ್ಚಾಗಿತ್ತು. ಬೈಬಲಿನ ಯಾವ ವಚನದಲ್ಲೂ ಈ ಇಸವಿ ಇಲ್ಲ. ಆದರೂ ಎಷ್ಟೋ ಓದುಗರ ಮನಸ್ಸಿನಲ್ಲಿ ಅದು ಬೈಬಲಿನ ಮಾತಾಗಿಯೇ ನಿಂತಿತು. ಸ್ಕೋಫೀಲ್ಡ್ ಪ್ರಾಮಾಣಿಕರಲ್ಲ ಎಂದು ಇದರ ಅರ್ಥವಲ್ಲ. ಅವರು ನಂಬಿದ್ದನ್ನೇ ಬರೆದರು. ಬೈಬಲಿನ ಜೊತೆಗೇ ಅಚ್ಚಾದ ಒಬ್ಬ ವ್ಯಾಖ್ಯಾನಕಾರನ ಮಾತಿಗೆ ಸಿಗುವ ಗೌರವ, ಅದೇ ಮಾತು ಬೇರೆ ಪುಸ್ತಕದಲ್ಲಿ ಬಂದಿದ್ದರೆ ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ಈ ನಿದರ್ಶನ ತೋರಿಸುತ್ತದೆ.

ಒಂದು ಪುಟದಲ್ಲಿ ಎಷ್ಟು ದನಿಗಳು

ಹಾಗಾಗಿ ಅಧ್ಯಯನ ಬೈಬಲಿನ ಒಂದು ಪುಟದಲ್ಲಿ ಯಾವುದು ಯಾರ ಕೈಬರಹ ಎಂದು ಗುರುತಿಸಲು ಕಲಿಯುವುದೇ ಮೊದಲ ಪಾಠ. ಅಧ್ಯಾಯಗಳ ವಿಂಗಡಣೆ ಹದಿಮೂರನೆಯ ಶತಮಾನದ ಆರಂಭದ್ದು. ಅದು ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರ ಕೆಲಸವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೊಸ ಒಡಂಬಡಿಕೆಗೆ ಇಂದಿನ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ, ಮುದ್ರಕ ರೋಬೆರ್ ಎಸ್ತಿಯೆನ್ ಅವರ ಗ್ರೀಕ್ ಆವೃತ್ತಿಯಿಂದ. ಪ್ಯಾರಾಗಳ ಮೇಲಿನ ದಪ್ಪಕ್ಷರದ ತಲೆಬರಹಗಳು ಪ್ರಕಾಶಕರವು. ಮೂಲ ಲೇಖಕರು ಇವು ಯಾವುದನ್ನೂ ಬರೆಯಲಿಲ್ಲ. ಇನ್ನು ಅಡಿಯಲ್ಲಿ ಎರಡು ಬಗೆಯ ಟಿಪ್ಪಣಿಗಳಿರುತ್ತವೆ, ಅವುಗಳನ್ನು ಬೆರೆಸಬಾರದು. ಅನುವಾದಕರ ಟಿಪ್ಪಣಿ ಚಿಕ್ಕದು. ಪ್ರಾಚೀನ ಹಸ್ತಪ್ರತಿಗಳಲ್ಲಿ ಪಾಠಾಂತರ ಇದ್ದರೆ ಅದು ತಿಳಿಸುತ್ತದೆ. ಉದಾಹರಣೆಗೆ ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯ. ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಸುವಾರ್ತೆ 8ನೆಯ ವಚನಕ್ಕೆ ಮುಗಿಯುತ್ತದೆ, 9ರಿಂದ 20ರವರೆಗಿನ ವಚನಗಳು ಇಲ್ಲ. ಇದು ಹಸ್ತಪ್ರತಿ ತೆರೆದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿ. ಆ ವಚನಗಳನ್ನು ಇಂದು ಹೇಗೆ ಓದಬೇಕು, ಅವುಗಳಿಗೆ ಎಷ್ಟು ಅಧಿಕಾರ ಕೊಡಬೇಕು ಎಂದು ಹೇಳುವುದು ಸಂಪಾದಕರ ಟಿಪ್ಪಣಿ. ಅದು ಅಭಿಪ್ರಾಯ. ಮೊದಲನೆಯದನ್ನು ಸಾಕ್ಷ್ಯವಾಗಿ, ಎರಡನೆಯದನ್ನು ವಾದವಾಗಿ ಓದಬೇಕು.

ಪುಟದ ನಡುವೆಯೋ ಅಂಚಿನಲ್ಲೋ ಇರುವ ಅಡ್ಡ ಉಲ್ಲೇಖಗಳ ಪಟ್ಟಿಯನ್ನು ಬಹುತೇಕರು ಗಮನಿಸುವುದೇ ಇಲ್ಲ. ಒಂದು ವಚನಕ್ಕೆ ಸಂಬಂಧಪಟ್ಟ ಬೇರೆ ವಚನಗಳ ಸಂಖ್ಯೆಗಳು ಅಲ್ಲಿರುತ್ತವೆ. ಹಾಗಿದ್ದೂ ಇಡೀ ಅಧ್ಯಯನ ಬೈಬಲಿನಲ್ಲಿ ಓದುಗನನ್ನು ಅತಿ ಹೆಚ್ಚು ಸ್ವತಂತ್ರನನ್ನಾಗಿ ಮಾಡುವ ಭಾಗ ಇದೇ. ಟಿಪ್ಪಣಿ ಒಂದು ತೀರ್ಮಾನವನ್ನು ಕೈಗೆ ಕೊಡುತ್ತದೆ. ಅಡ್ಡ ಉಲ್ಲೇಖ ಬೈಬಲಿನ ಇನ್ನೊಂದು ಪುಟವನ್ನು ತೆರೆಸುತ್ತದೆ, ತೀರ್ಮಾನವನ್ನು ಓದುಗನಿಗೇ ಬಿಡುತ್ತದೆ. ಯೆರೆಮೀಯ 29ರ 70 ವರ್ಷಗಳಿಂದ 25ನೆಯ ಅಧ್ಯಾಯಕ್ಕೆ, ಅಲ್ಲಿಂದ ದಾನಿಯೇಲನ 9ನೆಯ ಅಧ್ಯಾಯಕ್ಕೆ, ಎರಡನೆಯ ಪೂರ್ವಕಾಲವೃತ್ತಾಂತದ ಕೊನೆಯ ಪುಟಕ್ಕೆ ಹೋದವರಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಆ ಮಾತನ್ನು ಮುಂದಿನ ತಲೆಮಾರಿನವರು ಮತ್ತೆ ಮತ್ತೆ ಎತ್ತಿಕೊಂಡು, ತಮ್ಮ ಕಾಲಕ್ಕೆ ಅದರ ಅರ್ಥವೇನೆಂದು ಯೋಚಿಸಿದ್ದಾರೆ. ಬೈಬಲ್ ತನ್ನ ಒಳಗೇ ತನ್ನನ್ನು ವ್ಯಾಖ್ಯಾನಿಸಿಕೊಳ್ಳುತ್ತದೆ ಎಂಬ ಅರಿವು ಯಾವ ದೊಡ್ಡ ಟಿಪ್ಪಣಿಯಿಂದಲೂ ಹೀಗೆ ದಕ್ಕುವುದಿಲ್ಲ.

ಆರಿಸುವಾಗ

ಪ್ರತಿ ಅಧ್ಯಯನ ಬೈಬಲಿಗೂ ಒಂದು ಮನೆತನ ಇರುತ್ತದೆ. 1985ರಲ್ಲಿ ಬಂದ ಎನ್‌ಐವಿ ಸ್ಟಡಿ ಬೈಬಲ್ ಇವ್ಯಾಂಜೆಲಿಕಲ್ ವಿದ್ವಾಂಸರದು. 2008ರ ಇಎಸ್‌ವಿ ಸ್ಟಡಿ ಬೈಬಲ್ 20,000ಕ್ಕೂ ಹೆಚ್ಚು ಟಿಪ್ಪಣಿಗಳಿರುವ ದೊಡ್ಡ ಗ್ರಂಥ, ಅದರ ಒಲವು ಸುಧಾರಣಾ ಪಂಥದ ದೈವಶಾಸ್ತ್ರದತ್ತ. 1962ರಿಂದ ಪರಿಷ್ಕಾರಗೊಳ್ಳುತ್ತಾ ಬಂದಿರುವ ಆಕ್ಸ್‌ಫರ್ಡ್ ಆ್ಯನೊಟೇಟೆಡ್ ಬೈಬಲ್ ವಿಶ್ವವಿದ್ಯಾಲಯಗಳ ತರಗತಿಗೆ ಒಗ್ಗಿದ್ದು, ಒಂದೇ ಸಭೆಗೆ ಕಟ್ಟುಬಿದ್ದದ್ದಲ್ಲ. ಯೆರೂಸಲೇಮಿನ ಡೊಮಿನಿಕನ್ ಸಂಸ್ಥೆಯ ವಿದ್ವಾಂಸರು ಫ್ರೆಂಚಿನಲ್ಲಿ ಸಿದ್ಧಪಡಿಸಿ, 1956ರಲ್ಲಿ ಒಂದೇ ಸಂಪುಟವಾಗಿ ಹೊರತಂದ ಜೆರೂಸಲೇಮ್ ಬೈಬಲ್ ಕ್ಯಾಥೊಲಿಕ್ ಪರಂಪರೆಯದು. 2008ರಲ್ಲಿ ಪೂರ್ಣಗೊಂಡ ಆರ್ಥಡಾಕ್ಸ್ ಸ್ಟಡಿ ಬೈಬಲ್ ಪೂರ್ವದ ಸಭೆಗಳ ಪಿತೃಗಳ ಮಾತನ್ನು ಮುಂದಿಡುತ್ತದೆ. 2004ರ ಜ್ಯೂಯಿಷ್ ಸ್ಟಡಿ ಬೈಬಲ್ ಯೆಹೂದಿ ವಿದ್ವಾಂಸರ ಕೆಲಸ, ಅದರಲ್ಲಿ ಇರುವುದು ಹೀಬ್ರೂ ಬೈಬಲ್ ಮಾತ್ರ. ಇವುಗಳಲ್ಲಿ ಮನೆತನವಿಲ್ಲದ್ದು ಒಂದೂ ಇಲ್ಲ, ಅದು ದೋಷವೂ ಅಲ್ಲ. ಮುನ್ನುಡಿಯಲ್ಲಿ ಅದನ್ನು ಹೇಳಿಕೊಂಡಿದ್ದಾರೆಯೇ, ಯಾವ ಗ್ರಂಥದ ಟಿಪ್ಪಣಿಯನ್ನು ಯಾರು ಬರೆದರೆಂದು ಹೆಸರು ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ಹೆಸರಿಲ್ಲದ ಟಿಪ್ಪಣಿ ಯಾರಿಗೂ ಉತ್ತರ ಹೇಳಬೇಕಿಲ್ಲದ ಟಿಪ್ಪಣಿ.

ಮುನ್ನುಡಿಗಿಂತ ನಂಬಲರ್ಹವಾದ ಪರೀಕ್ಷೆ ಒಂದಿದೆ. ವಿವಾದ ಇದೆಯೆಂದು ಎಲ್ಲರಿಗೂ ಗೊತ್ತಿರುವ ಮೂರು ನಾಲ್ಕು ಕಡೆ ತೆರೆದು ಟಿಪ್ಪಣಿ ಓದಬೇಕು. ಯೆಶಾಯನ 7ನೆಯ ಅಧ್ಯಾಯದ 14ನೆಯ ವಚನ ಒಂದು. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ನೆರೆಯ ಅರಸರ ದಾಳಿಗೆ ಹೆದರಿದ್ದ ಆಹಾಜ ದೊರೆಗೆ, ಹುಟ್ಟಲಿರುವ ಒಂದು ಮಗುವಿನ ಗುರುತನ್ನು ಪ್ರವಾದಿ ಕೊಡುತ್ತಾನೆ. ಮತ್ತಾಯನು ಆ ಮಾತು ಯೇಸುವಿನ ಜನನದಲ್ಲಿ ನೆರವೇರಿತೆನ್ನುತ್ತಾನೆ. ಆಹಾಜನ ಕಾಲದ ಸಂದರ್ಭವನ್ನೂ ಮತ್ತಾಯನ ಓದನ್ನೂ ಎರಡನ್ನೂ ಟಿಪ್ಪಣಿ ಹೇಳುತ್ತದೆಯೇ, ಒಂದನ್ನು ನುಂಗಿಹಾಕುತ್ತದೆಯೇ? ಮತ್ತಾಯನ 16ನೆಯ ಅಧ್ಯಾಯದ 18ನೆಯ ವಚನ ಇನ್ನೊಂದು. ಸಭೆ ಕಟ್ಟಲಾಗುವ ಬಂಡೆ ಪೇತ್ರನೇ, ಅವನ ವಿಶ್ವಾಸದ ಅರಿಕೆಯೇ ಎಂಬುದರ ಮೇಲೆ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಶತಮಾನಗಳ ಚರ್ಚೆ ನಡೆದಿದೆ. ಪ್ರಕಟನೆಯ 20ನೆಯ ಅಧ್ಯಾಯದ ಸಾವಿರ ವರ್ಷಗಳ ಆಳ್ವಿಕೆ ಮೂರನೆಯದು. ಅದು ಮುಂದೆ ಅಕ್ಷರಶಃ ನಡೆಯಲಿರುವುದೋ ಸಂಕೇತವೋ ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ಟಿಪ್ಪಣಿ ತನ್ನ ನಿಲುವನ್ನು ಹೇಳಲಿ, ಹೇಳಲೇಬೇಕು. ಬೇರೆ ನಿಲುವುಗಳನ್ನು ಅವುಗಳ ಕಾರಣದೊಂದಿಗೆ ಹೇಳಿ, ಆಮೇಲೆ ತನ್ನದನ್ನು ಸಮರ್ಥಿಸಿದರೆ ಅಂಥ ಪುಸ್ತಕವನ್ನು ಮನೆಗೆ ಒಯ್ಯಬಹುದು. ಚರ್ಚೆಯೇ ಇಲ್ಲವೆಂಬಂತೆ ನಡೆದುಕೊಂಡರೆ, ಚರ್ಚೆ ಎಲ್ಲಿದೆಯೆಂದು ಓದುಗನಿಗೆ ಗೊತ್ತಿಲ್ಲದ ಬೇರೆ ನೂರು ಕಡೆಯಲ್ಲೂ ಅದು ಹಾಗೆಯೇ ಮಾಡಿರುತ್ತದೆ.

ಉಳಿದ ಸಂಗತಿಗಳು ಬೇಗ ಹೇಳಿ ಮುಗಿಸುವಂಥವು. ಪ್ರಾಟೆಸ್ಟಂಟ್ ಬೈಬಲಿನಲ್ಲಿ 66 ಗ್ರಂಥಗಳು, ಕ್ಯಾಥೊಲಿಕ್ ಬೈಬಲಿನಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಮುಂತಾದವು ಬೇಕಿದ್ದರೆ ಮೊದಲೇ ನೋಡಿಕೊಳ್ಳಬೇಕು. ಹಳೆಯ ಮುದ್ರಣ ಅಗ್ಗವಾಗಿ ಸಿಕ್ಕಿದರೆ ಅದರ ಟಿಪ್ಪಣಿಗಳ ವಯಸ್ಸು ಕೇಳಬೇಕು. ಕುಮ್ರಾನಿನ ಗವಿಗಳಲ್ಲಿ ಮೃತ ಸಮುದ್ರದ ಸುರುಳಿಗಳು ಮೊದಲು ದೊರೆತದ್ದು 1947ರ ಸುಮಾರಿಗೆ, ಅದಕ್ಕಿಂತ ಮುಂಚಿನ ಟಿಪ್ಪಣಿಗೆ ಅವುಗಳ ಅರಿವಿಲ್ಲ. ಎರಡು ಸಾವಿರ ಪುಟ ದಾಟುವ ಈ ಪುಸ್ತಕಗಳ ಕಾಗದ ಬಹಳ ತೆಳು, ಹಿಂಬದಿಯ ಅಕ್ಷರ ಈಚೆ ಕಾಣುತ್ತದೆಯೇ, ಟಿಪ್ಪಣಿಯ ಅಕ್ಷರ ನಮ್ಮ ಕಣ್ಣಿಗೆ ಹಿಡಿಸುತ್ತದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಬೇಕು. ಚರ್ಮದ ಹೊದಿಕೆಗೆ ದುಡ್ಡು ಹಾಕುವ ಬದಲು, ಅಂಟಿನದಲ್ಲದ ಹೊಲಿಗೆಯ ಕಟ್ಟಿಗೆ ಹಾಕುವುದು ಜಾಣತನ, ಅದು ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಪ್ರಾರ್ಥಿಸುವವರು ಇಂಗ್ಲಿಷ್ ಟಿಪ್ಪಣಿಗಾಗಿ ಕನ್ನಡ ಪಾಠವನ್ನು ಬಿಡಬೇಕಾಗಿಲ್ಲ. ಕನ್ನಡ ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟು, ಪಾಠಕ್ಕೆ ಅದನ್ನೂ ವಿವರಣೆಗೆ ಇಂಗ್ಲಿಷ್ ಪುಸ್ತಕವನ್ನೂ ಬಳಸಬಹುದು, ಅಧ್ಯಾಯ ಮತ್ತು ವಚನದ ಸಂಖ್ಯೆ ಸಾಮಾನ್ಯವಾಗಿ ಹೊಂದುತ್ತದೆ. ಕೆಲವು ಕಡೆ ಮಾತ್ರ ಎಚ್ಚರ ಬೇಕು. ಆರ್ಥಡಾಕ್ಸ್ ಸ್ಟಡಿ ಬೈಬಲಿನಲ್ಲಿ 23ನೆಯ ಕೀರ್ತನೆ 22ನೆಯದಾಗಿರುತ್ತದೆ. ಜ್ಯೂಯಿಷ್ ಸ್ಟಡಿ ಬೈಬಲಿನಲ್ಲಿ ಯೋವೇಲನ ಗ್ರಂಥಕ್ಕೆ ಮೂರರ ಬದಲು ನಾಲ್ಕು ಅಧ್ಯಾಯ, ಮಲಾಕಿಯನಿಗೆ ನಾಲ್ಕರ ಬದಲು ಮೂರು.

ಓದುವ ಕ್ರಮ

ಆರಿಸುವುದಕ್ಕಿಂತ ಹೆಚ್ಚಿನ ಶಿಸ್ತು ಬೇಕಾದದ್ದು ಓದುವಾಗ. ಒಂದು ಇಡೀ ಪ್ರಸಂಗವನ್ನು, ಕಥೆಯಾದರೆ ಕಥೆ ಮುಗಿಯುವವರೆಗೆ, ಪತ್ರವಾದರೆ ಒಂದು ವಾದ ಮುಗಿಯುವವರೆಗೆ, ಕೆಳಗೆ ಕಣ್ಣು ಹಾಯಿಸದೆ ಓದಬೇಕು. ಅರ್ಥವಾಗದ್ದನ್ನು ಒಂದು ಕಾಗದದಲ್ಲಿ ಪ್ರಶ್ನೆಯಾಗಿ ಬರೆದುಕೊಳ್ಳಬೇಕು. ಬಳಿಕ ಆ ಗ್ರಂಥದ ಪೀಠಿಕೆ, ಆಮೇಲೆ ಅಡ್ಡ ಉಲ್ಲೇಖಗಳು, ಕೊನೆಗೆ ಟಿಪ್ಪಣಿ. ಟಿಪ್ಪಣಿ ಓದಿದ ಮೇಲೆ ಮತ್ತೊಮ್ಮೆ ಮೂಲ. ಮತ್ತಾಯನ 5ನೆಯ ಅಧ್ಯಾಯದ 41ನೆಯ ವಚನವನ್ನು ತೆಗೆದುಕೊಳ್ಳಿ. ಒಂದು ಮೈಲು ನಡೆ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲು ಹೋಗು ಎಂಬ ಬೋಧನೆ ಅದು. ಯಾರು ಬಲವಂತ ಮಾಡುತ್ತಾರೆ, ಅದೇಕೆ ಒಂದೇ ಮೈಲು ಎಂಬ ಪ್ರಶ್ನೆ ಹುಟ್ಟಿದವರಿಗೆ ಮಾತ್ರ ಟಿಪ್ಪಣಿಯ ಬೆಲೆ ಗೊತ್ತಾಗುತ್ತದೆ. ರೋಮಿನ ಸೈನಿಕರು, ಅಧಿಕಾರಿಗಳು ದಾರಿಯಲ್ಲಿ ಕಂಡ ಪ್ರಜೆಯನ್ನು ಹಿಡಿದು ಹೊರೆ ಹೊರಿಸುವ ಬಿಟ್ಟಿ ಚಾಕರಿಯ ಪದ್ಧತಿ ಅಂದು ಇತ್ತು. ಅದರ ದುರುಪಯೋಗಕ್ಕೆ ಮಿತಿ ಹಾಕಿದ, ತಿಬೇರಿಯ ಚಕ್ರವರ್ತಿಯ ಕಾಲದ ಒಂದು ಶಾಸನ ಇಂದಿನ ಟರ್ಕಿಯ ಸಗಲಸ್ಸೊಸ್ ಪ್ರದೇಶದಲ್ಲಿ ಸಿಕ್ಕಿದೆ. ಅಡ್ಡ ಉಲ್ಲೇಖ ಹಿಡಿದು 27ನೆಯ ಅಧ್ಯಾಯಕ್ಕೆ ಹೋದರೆ ಕುರೇನೆಯ ಸಿಮೋನನಿಂದ ಯೇಸುವಿನ ಶಿಲುಬೆ ಹೊರಿಸಿದ್ದೂ ಇದೇ ಬಲವಂತದಿಂದ ಎಂದು ತಿಳಿಯುತ್ತದೆ. ಈಗ ಮೂಲಕ್ಕೆ ಮರಳಿದರೆ ಎರಡನೆಯ ಮೈಲು ಬರಿಯ ಉಪಕಾರಬುದ್ಧಿಯ ಪಾಠವಾಗಿ ಉಳಿಯುವುದಿಲ್ಲ. ಆಕ್ರಮಿತ ದೇಶದ ಒಬ್ಬ ಬಡ ಪ್ರಜೆ ತನ್ನನ್ನು ದುಡಿಸಿಕೊಳ್ಳುವವನ ಎದುರು ಹೇಗೆ ಮನುಷ್ಯನಾಗಿ ನಿಲ್ಲಬೇಕೆಂಬ ಕಠಿಣ ಪ್ರಶ್ನೆಯಾಗುತ್ತದೆ.

ಆದರೆ ಇತಿಹಾಸದ ಹೆಸರಿನಲ್ಲಿ ಬಂದ ಟಿಪ್ಪಣಿಯೆಲ್ಲ ಇಷ್ಟೇ ಗಟ್ಟಿಯಾಗಿರುತ್ತದೆ ಎನ್ನುವಂತಿಲ್ಲ. ಪ್ರಕಟನೆಯ 3ನೆಯ ಅಧ್ಯಾಯದಲ್ಲಿ ಲವೊದಿಕೀಯದ ಸಭೆಗೆ, ನೀನು ಬಿಸಿಯೂ ಅಲ್ಲ, ತಣ್ಣಗೂ ಇಲ್ಲ ಎಂಬ ಅರ್ಥದ ಗದರಿಕೆ ಇದೆ. ಇದಕ್ಕೆ ಬಹಳಷ್ಟು ಅಧ್ಯಯನ ಬೈಬಲುಗಳು ಒಂದೇ ವಿವರಣೆ ಕೊಡುತ್ತವೆ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಕೊಲೊಸ್ಸೆಯಲ್ಲಿ ತಣ್ಣೀರು ಸಿಗುತ್ತಿತ್ತು, ಲವೊದಿಕೀಯಕ್ಕೆ ಕೊಳವೆಯಲ್ಲಿ ಬರುತ್ತಿದ್ದ ನೀರು ಮಾತ್ರ ಉಗುರುಬೆಚ್ಚಗೆ, ಕುಡಿಯಲು ಹೇಸಿಗೆ ಎಂದು. ಕೇಳಲು ಎಷ್ಟು ಚೆನ್ನಾಗಿದೆಯೆಂದರೆ ಪ್ರಸಂಗ ಮಾಡುವವರೆಲ್ಲ ಇದನ್ನು ಬಳಸುತ್ತಾರೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಲವೊದಿಕೀಯದ ನೀರು ದಕ್ಷಿಣದ ಬುಗ್ಗೆಗಳಿಂದ ಬರುತ್ತಿತ್ತು, ಹಿಯೆರಾಪೊಲಿಯಿಂದಲ್ಲ. ಆ ವಚನದಲ್ಲಿ ನೀರಿನ ಹೆಸರೇ ಇಲ್ಲ. ಊಟದ ಪಂಕ್ತಿಯಲ್ಲಿ ದ್ರಾಕ್ಷಾರಸವನ್ನು ಬಿಸಿಯಾಗಿ ಇಲ್ಲವೇ ತಣ್ಣಗೆ ಕೊಡುವ ರೂಢಿಯೇ ಈ ಮಾತಿನ ಹಿನ್ನೆಲೆ ಇರಬಹುದು ಎಂಬುದು ಅವರ ವಾದ. ಸಗಲಸ್ಸೊಸ್‌ನ ಶಾಸನ ಕಲ್ಲಿನ ಮೇಲಿದೆ, ಲವೊದಿಕೀಯದ ನೀರಿನ ಕಥೆ ಒಂದು ಊಹೆ. ಎರಡೂ ಅಡಿಟಿಪ್ಪಣಿಯಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ನಿಶ್ಚಯದ ದನಿಯಲ್ಲಿ ಬರುತ್ತವೆ. ಆದ್ದರಿಂದಲೇ ಬೇರೆ ಮನೆತನದ ಇನ್ನೊಂದು ಅಧ್ಯಯನ ಬೈಬಲ್ ಕೈಗೆಟುಕುವಲ್ಲಿ ಇರಬೇಕು. ಎರಡು ಟಿಪ್ಪಣಿಗಳು ಒಪ್ಪದ ಜಾಗವೇ ನಾವು ಮೂಲವನ್ನು ನಿಧಾನವಾಗಿ ಓದಬೇಕಾದ ಜಾಗ.

ಆಕ್ಷೇಪಗಳು

ದೇವರ ವಾಕ್ಯ ಸರಳ, ಪ್ರಾರ್ಥನೆಯಿಂದ ಓದಿದರೆ ಪವಿತ್ರಾತ್ಮನೇ ತಿಳಿಸುತ್ತಾನೆ, ನಡುವೆ ಪಂಡಿತರ ಟಿಪ್ಪಣಿ ಏಕೆ ಎಂಬುದು ಭಕ್ತರ ಪ್ರಾಮಾಣಿಕ ಆಕ್ಷೇಪ. ಅದರಲ್ಲಿ ಸತ್ಯವಿದೆ. ತಬ್ಬಲಿ, ವಿಧವೆ, ಪರದೇಶಿಯನ್ನು ಕಾಪಾಡಬೇಕೆಂಬ ಆಜ್ಞೆ ತಿಳಿಯಲು ಯಾರಿಗೂ ಅಡಿಟಿಪ್ಪಣಿ ಬೇಕಿಲ್ಲ. ಆದರೆ ವಿವರಣೆಯ ಅಗತ್ಯವನ್ನು ಬೈಬಲ್ ತಾನೇ ಹೇಳುತ್ತದೆ. ನೆಹೆಮೀಯನ 8ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಜನರೆದುರು ಓದುವಾಗ ಲೇವಿಯರು ಅರ್ಥ ಬಿಡಿಸಿ ಹೇಳುತ್ತಾರೆ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಯೆಶಾಯನನ್ನು ಓದುತ್ತಾ ರಥದಲ್ಲಿ ಹೋಗುತ್ತಿದ್ದ ಇಥಿಯೋಪ್ಯದ ಅಧಿಕಾರಿ, ತಿಳಿಸುವವರಿಲ್ಲದೆ ತನಗೆ ಹೇಗೆ ತಿಳಿದೀತೆಂದು ಫಿಲಿಪ್ಪನನ್ನು ಕೇಳುತ್ತಾನೆ. ಇನ್ನೂ ಒಂದು ಮಾತಿದೆ. ನಮ್ಮ ಕೈಯಲ್ಲಿರುವುದು ಹೇಗೂ ಅನುವಾದ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗ ಸಾವಿರಾರು ಕಡೆ ಅರ್ಥದ ಆಯ್ಕೆ ಮಾಡಿಯೇ ತಂದರು, ಮುಂದೆ ಪರಿಷ್ಕರಿಸಿದವರೂ ಹಾಗೆಯೇ. ಪಂಡಿತರಿಲ್ಲದ ಓದು ಎಂಬುದು ಇಲ್ಲ. ಇರುವುದು ಪಂಡಿತರು ಕಾಣದಂತಿರುವ ಓದು, ಅವರು ಕಾಣುವ ಓದು ಎಂಬ ಎರಡೇ. ಕಾಣುವ ಪಂಡಿತರನ್ನಾದರೆ ಪ್ರಶ್ನಿಸಬಹುದು.

ಹಸ್ತಪ್ರತಿಗಳ ವ್ಯತ್ಯಾಸ, ಕರ್ತೃತ್ವದ ಚರ್ಚೆ ಇವೆಲ್ಲ ಸಾಮಾನ್ಯ ವಿಶ್ವಾಸಿಯ ನಂಬಿಕೆಯನ್ನು ಅಲುಗಿಸುವುದಿಲ್ಲವೇ ಎಂಬುದು ಎರಡನೆಯ ಆತಂಕ. ಕೆಲವರಿಗೆ ಮೊದಲು ಗಲಿಬಿಲಿ ಆಗುವುದು ನಿಜ. ಆದರೆ ಮಾರ್ಕನ ಕೊನೆಯ ವಚನಗಳ ಸಂಗತಿ ಇಂದು ಯಾರ ಫೋನಿನಲ್ಲಾದರೂ ಸಿಗುತ್ತದೆ. ಅದನ್ನು ವಿಶ್ವಾಸವುಳ್ಳ ವಿದ್ವಾಂಸರೇ ಬರೆದ ಟಿಪ್ಪಣಿಯಲ್ಲಿ, ಹಿನ್ನೆಲೆಯೊಂದಿಗೆ ಓದುವುದು ಒಳ್ಳೆಯದೋ, ನಂಬಿಕೆಯನ್ನು ಹೀಯಾಳಿಸಲೆಂದೇ ಮಾಡಿದ ವೀಡಿಯೊದಲ್ಲಿ ಮೊದಲ ಸಲ ಕೇಳುವುದು ಒಳ್ಳೆಯದೋ? ಮುಚ್ಚಿಟ್ಟದ್ದು ಹೊರಬಿದ್ದಾಗ ಆಗುವ ಪೆಟ್ಟು, ತಿಳಿದು ನಡೆದವನಿಗೆ ಆಗುವುದಿಲ್ಲ. ಫೋನಿನಲ್ಲೇ ಎಲ್ಲ ಉಚಿತವಾಗಿರುವಾಗ ದುಬಾರಿಯ ದಪ್ಪ ಪುಸ್ತಕ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಹಣದ ಅನುಕೂಲ ಇಲ್ಲದವರಿಗೆ ಫೋನು ನಿಜಕ್ಕೂ ವರ. ಸುಮಾರು 60,000 ಅನುವಾದಕರ ಟಿಪ್ಪಣಿಗಳಿರುವ ನೆಟ್ ಬೈಬಲ್ ಅಲ್ಲಿ ಉಚಿತವಾಗಿದೆ, ಕನ್ನಡ ಬೈಬಲಿನ ಪಾಠವೂ ಸಿಗುತ್ತದೆ. ತೊಂದರೆ ಇರುವುದು ಹುಡುಕುವ ಬಗೆಯಲ್ಲಿ. ಬೇಕಾದ ಒಂದು ವಚನವನ್ನು ಟೈಪಿಸಿದರೆ ಆ ಒಂದೇ ವಚನ ತೆರೆಯ ಮೇಲೆ ಬರುತ್ತದೆ, ಅಕ್ಕಪಕ್ಕದ ಅಧ್ಯಾಯ ಬರುವುದಿಲ್ಲ. ಯೆರೆಮೀಯನ ಪತ್ರ ಕಾರ್ಡಿನ ಮೇಲಿನ ಒಂದು ಸಾಲಾಗಿ ಕುಗ್ಗಿದ್ದು ಇದೇ ಅಭ್ಯಾಸದಿಂದ. ಇಡೀ ಅಧ್ಯಾಯ ತೆರೆದು ಓದುವ ಶಿಸ್ತು ಇರುವವರಿಗೆ ಫೋನೂ ಸಾಕು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ. ಈ ಟಿಪ್ಪಣಿಗಳಲ್ಲಿ ಹೆಚ್ಚಿನವು ಅಮೆರಿಕ, ಬ್ರಿಟನ್ನಿನ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದವು. ರೂತಳ ಕಥೆಯಲ್ಲಿ ಕಣ ಬಂದರೆ ಕಣ ಎಂದರೇನು, ಜೊಳ್ಳನ್ನು ಹೇಗೆ ತೂರುತ್ತಾರೆ ಎಂದು ಅವು ಚಿತ್ರ ಸಹಿತ ವಿವರಿಸುತ್ತವೆ. ರಾಯಚೂರಿನ ರೈತ ಕುಟುಂಬಕ್ಕೆ ಆ ಟಿಪ್ಪಣಿ ಬೇಕಿಲ್ಲ. ಯೋಹಾನನ 4ನೆಯ ಅಧ್ಯಾಯದಲ್ಲಿ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳುವಾಗ ಆಕೆ ಬೆರಗಾಗುತ್ತಾಳೆ. ಆ ಬೆರಗು ಏನೆಂದು ಊರಬಾವಿಗೆ ಇಳಿಯಗೊಡದ ಅಸ್ಪೃಶ್ಯತೆಯ ನೆನಪಿರುವ ಸಮುದಾಯಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಜಗತ್ತಿಗೆ ಹೇಳಿಕೊಡಬಲ್ಲವರು ಅವರೇ. 1980ರ ದಶಕದಿಂದ ಭಾರತದಲ್ಲಿ ಬೆಳೆದ ದಲಿತ ದೈವಶಾಸ್ತ್ರ ಈ ಬಗೆಯ ಓದನ್ನು ಮುಂದಿಟ್ಟಿದೆ. ಆಫ್ರಿಕಾದ ವಿದ್ವಾಂಸರು ತಮ್ಮ ನೆಲದ ಕಣ್ಣಿನಿಂದ ಬರೆದ ಆಫ್ರಿಕಾ ಸ್ಟಡಿ ಬೈಬಲ್ 2016ರಲ್ಲಿ ಬಂತು. ದಕ್ಷಿಣ ಏಷ್ಯಾದ ಲೇಖಕರೇ ಸೇರಿ ಬರೆದ ಒಂದೇ ಸಂಪುಟದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ 2015ರದು. ಕನ್ನಡದ ನೆಲದಲ್ಲಿ ಕನ್ನಡದಲ್ಲೇ ಯೋಚಿಸಿ ಬರೆದ ಟಿಪ್ಪಣಿಗಳು ಹೆಚ್ಚಬೇಕಾಗಿವೆ. ಮಂಗಳೂರು, ಬೆಂಗಳೂರುಗಳಲ್ಲಿ ದೈವಶಾಸ್ತ್ರ ಕಲಿಸುವ ಸಂಸ್ಥೆಗಳಿವೆ, ಓದುವ ಸಭೆಗಳು ರಾಜ್ಯದ ಉದ್ದಗಲಕ್ಕೂ ಇವೆ. ಈ ಎರಡೂ ಕೂಡಿದರೆ ಅದು ಆಗದ ಕೆಲಸವಲ್ಲ.

ಅಂಥ ಟಿಪ್ಪಣಿ ಬಂದ ದಿನವೂ ಅದಕ್ಕೆ ಇದೇ ಪರೀಕ್ಷೆ ಅನ್ವಯಿಸಬೇಕು. ನಮ್ಮವರೇ ಬರೆದರೆಂಬ ಕಾರಣಕ್ಕೆ ಅದು ಮೂಲದ ಸ್ಥಾನಕ್ಕೆ ಏರಬಾರದು. ಜಿನೀವಾದ ದೇಶಭ್ರಷ್ಟರೂ ಸ್ಕೋಫೀಲ್ಡರೂ ಆಕ್ಸ್‌ಫರ್ಡ್ ಆ್ಯನೊಟೇಟೆಡ್ ಬೈಬಲಿನ ಸಂಪಾದಕರೂ ನಮ್ಮಂತೆಯೇ ಓದುಗರು, ನಮಗಿಂತ ಹೆಚ್ಚು ಕಲಿತ ಓದುಗರು. ಅವರ ಕಲಿಕೆಯನ್ನು ಸಾಲವಾಗಿ ಪಡೆಯುವುದರಲ್ಲಿ ಸಂಕೋಚ ಬೇಡ, ಅವರ ತೀರ್ಮಾನವನ್ನು ಪರೀಕ್ಷಿಸುವುದರಲ್ಲೂ ಬೇಡ. ಕ್ರೈಸ್ತರಿಗೆ ಇದು ವಿಶ್ವಾಸದ ವಿಷಯ. ಕ್ರೈಸ್ತರಲ್ಲದ ಓದುಗರಿಗೂ, ಜಗತ್ತಿನ ಸಾಹಿತ್ಯ, ಕಾನೂನು, ರಾಜಕೀಯವನ್ನು ಇಷ್ಟು ಆಳವಾಗಿ ರೂಪಿಸಿದ ಗ್ರಂಥವನ್ನು ಕೇಳಿದ್ದರ ಮೇಲೆ ಅಲ್ಲದೆ ಓದಿದ್ದರ ಮೇಲೆ ತಿಳಿಯುವ ದಾರಿ ಇದು. ಒಂದು ವರ್ಷ ಹೀಗೆ ಓದಿದ ಮೇಲೆ ನಮ್ಮ ಅಧ್ಯಯನ ಬೈಬಲಿನ ಒಂದೆರಡು ಟಿಪ್ಪಣಿಗಳನ್ನಾದರೂ, ಮೂಲದ ವಚನವನ್ನೇ ಆಧಾರವಾಗಿ ತೋರಿಸಿ, ನಾವು ಒಪ್ಪುವುದಿಲ್ಲ ಎಂದು ಹೇಳಬಲ್ಲವರಾದರೆ ಆ ಪುಸ್ತಕಕ್ಕೆ ಕೊಟ್ಟ ಹಣ ಸಾರ್ಥಕ. ಒಂದನ್ನೂ ಪ್ರಶ್ನಿಸದೆ ಎಲ್ಲವನ್ನೂ ನಂಬಿ ಕುಳಿತಿದ್ದರೆ ನಾವು ಓದಿದ್ದು ಟಿಪ್ಪಣಿಯನ್ನು ಮಾತ್ರ, ಬೈಬಲನ್ನು ಇನ್ನು ಓದಬೇಕಷ್ಟೇ.